ಎಫ್‌ಡಿಪಿ ಸರ್ಟಿಫಿಕೇಟು 14, ಕ್ಲಾಸಿಗೆ ಬಂದು ಕೂತವರು ಸೊನ್ನೆ: ಎಂಜಿನಿಯರಿಂಗ್ ಮೇಷ್ಟ್ರಿಗೆ ಮೇಷ್ಟ್ರು ಯಾರು?

ಸಿಂಪ್ಲಿ_ಸಪೋರ್ಟೆಡ್

ಎಲ್ಲರಿಗೂ ನಮಸ್ಕಾರ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಒಂದು ಖಾಸಗಿ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕ ನಾನು. ಎಂ.ಟೆಕ್ ಮುಗಿಸಿ ಸೇರಿ ಎರಡು ವರ್ಷ ಆಗ್ತಾ ಬಂತು. ಊರು, ಕಾಲೇಜು ಕೇಳಬೇಡಿ.

ಸೋಮವಾರ ಬೆಳಿಗ್ಗೆ ಎರಡು ಸುತ್ತೋಲೆ ಒಟ್ಟಿಗೆ ಬಂದವು. ಮೊದಲನೆಯದು: ಈ ಸೆಮಿಸ್ಟರ್‌ನಲ್ಲಿ ಪ್ರತಿಯೊಬ್ಬರೂ ಕನಿಷ್ಠ ಎರಡು ಎಫ್‌ಡಿಪಿ (ಅಧ್ಯಾಪಕರ ತರಬೇತಿ ಕಾರ್ಯಕ್ರಮ) ಮುಗಿಸಿ ಸರ್ಟಿಫಿಕೇಟು ಒಪ್ಪಿಸಬೇಕು. ಎರಡನೆಯದು: ನಿಮಗೆ 22 ವಿದ್ಯಾರ್ಥಿಗಳನ್ನು ಮೆಂಟರಿಂಗ್‌ಗೆ ಹಂಚಲಾಗಿದೆ, ಮೆಂಟರ್ ಪುಸ್ತಕವನ್ನು ತಪ್ಪದೆ ನಿರ್ವಹಿಸತಕ್ಕದ್ದು.

ಸಂಜೆ ಮನೆಗೆ ಬಂದು ಫೈಲು ತೆಗೆದೆ. 14 ಸರ್ಟಿಫಿಕೇಟು. ಸಂಶೋಧನಾ ವಿಧಾನದ್ದು, ಬೌದ್ಧಿಕ ಆಸ್ತಿ ಹಕ್ಕಿನದ್ದು, ಡ್ರೋನ್‌ದು, ಒತ್ತಡ ನಿರ್ವಹಣೆಯದ್ದು (ಇದಕ್ಕೆ ಹಾಜರಾಗೋಕೆ ಉತ್ತರಪತ್ರಿಕೆ ತಿದ್ದೋದು ಬಿಟ್ಟು ಓಡಿದ್ದೆ, ಅದೇ ದೊಡ್ಡ ಒತ್ತಡ). ಇಷ್ಟರ ನಡುವೆ ನನ್ನ ಕ್ಲಾಸಿಗೆ ಬಂದು ಕೂತು ‘ನೀನು ಹೀಗೆ ಪಾಠ ಮಾಡ್ತಿದ್ದೀಯ’ ಅಂತ ಹೇಳಿದವರು ಒಬ್ಬರೂ ಇಲ್ಲ. ಒಮ್ಮೆ ಮಾತ್ರ ಪ್ರಿನ್ಸಿಪಾಲರು ಕಾರಿಡಾರ್‌ನಲ್ಲಿ ಹೋಗ್ತಾ ಕಿಟಕಿಯಲ್ಲಿ ಇಣುಕಿ ನೋಡಿದರು. ‘ಹಗಲಲ್ಲಿ ಲೈಟ್ ಯಾಕೆ’ ಅಂದರು. ಅಷ್ಟೇ.

ಕೆಲಸಕ್ಕೆ ಸೇರಿದ್ದು ಒಂದು ಬುಧವಾರ. ಮರುದಿನ ಗುರುವಾರ ಒಂಬತ್ತಕ್ಕೆ ‘ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್ ಇನ್ಮೇಲೆ ನಿಮ್ದು’ ಅಂತ ಕ್ಲಾಸಿಗೆ ಕಳಿಸಿದರು. ಕೆಲಸ ಬಿಟ್ಟುಹೋದವರ ನೋಟ್ಸು ಕೈಗೆ ಕೊಟ್ಟರು. ನನ್ನ ಮೇಷ್ಟ್ರು ನನಗೆ ಹೇಗೆ ಪಾಠ ಮಾಡಿದ್ರೋ ಅದನ್ನೇ ಇವತ್ತಿಗೂ ನಕಲು ಮಾಡ್ತಿದ್ದೀನಿ. ಕಳೆದ ಇಂಟರ್ನಲ್ಸ್‌ನಲ್ಲಿ ಕ್ಯಾಂಟಿಲಿವರ್ ಬೀಮಿನ (ಒಂದು ತುದಿ ಮಾತ್ರ ಗಟ್ಟಿಯಾಗಿ ಹಿಡಿದಿರೋ ತೊಲೆ) ಲೆಕ್ಕ ಕೊಟ್ಟಿದ್ದೆ, ತುದಿಯಲ್ಲಿ ಒಂದೇ ಭಾರ, ತೀರ ಸುಲಭದ್ದು. 61 ಜನರಲ್ಲಿ 40ಕ್ಕೂ ಹೆಚ್ಚು ಮಂದಿ ಬೆಂಡಿಂಗ್ ಮೊಮೆಂಟ್ (ಬಗ್ಗಿಸುವ ಪರಿಣಾಮ) ಭಾರ ಇರುವ ತುದಿಯಲ್ಲೇ ಗರಿಷ್ಠ ಅಂತ ಬರೆದಿದ್ದಾರೆ. ನಿಜಕ್ಕೂ ಗರಿಷ್ಠ ಇರೋದು ಬುಡದಲ್ಲಿ. ಇದೇ 61 ಜನ ಕ್ಲಾಸಿನಲ್ಲಿ ‘ಅರ್ಥ ಆಯ್ತು ಸರ್’ ಅಂದವರು.

ಎಫ್‌ಡಿಪಿಗೆ ಬಯ್ಯೋಕೆ ಈ ದಾರ (ಥ್ರೆಡ್) ಶುರು ಮಾಡ್ತಿಲ್ಲ. ಹೊಸ ಮೇಷ್ಟ್ರಿಗೆ ನಿಜವಾಗಿ ಕೈಹಿಡಿದು ಕಲಿಸುವ ವ್ಯವಸ್ಥೆ ನಿಮ್ಮಲ್ಲಿ ಯಾರ ಕಾಲೇಜಲ್ಲಾದರೂ ಇದೆಯಾ? ಇದ್ದರೆ ಹೇಗೆ ನಡೀತದೆ?

ಬೆಂಕಿಪೊಟ್ಟಣ

ಕೊಡೋ ಸಂಬಳಕ್ಕೆ ಪಿ.ಜಿ. ಬಾಡಿಗೆ ಕಟ್ಟಿದರೆ ಪೆಟ್ರೋಲಿಗೆ ಉಳಿಯಲ್ಲ. ಮೊದಲು ಅದು ಸರಿ ಆಗ್ಲಿ, ಆಮೇಲೆ ಮೆಂಟರಿಂಗು.

ಹಳೇ_ಚಾಕ್‌ಪೀಸ್

ನಿವೃತ್ತನಾಗಿ ಹತ್ತು ವರ್ಷ ದಾಟಿತು. ಬೆಂಕಿಪೊಟ್ಟಣ ಹೇಳಿದ್ದು ಸುಳ್ಳಲ್ಲ, ಆದರೆ ಅದಕ್ಕೆ ಬೇರೆ ದಾರ ಮಾಡಿ. ಇಲ್ಲಿ ಸಿಂಪ್ಲಿ_ಸಪೋರ್ಟೆಡ್ ಕೇಳಿದ್ದಕ್ಕೆ ಉತ್ತರ ಕೊಡ್ತೀನಿ.

1980ರಲ್ಲಿ ನಾನು ಸೇರಿದಾಗ ಮೊದಲ ಟರ್ಮು ನನಗೆ ಥಿಯರಿ ಕ್ಲಾಸೇ ಕೊಡಲಿಲ್ಲ. ಒಬ್ಬ ಹಿರಿಯರ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸಿನಲ್ಲಿ ಕೊನೇ ಬೆಂಚಿನಲ್ಲಿ ಕೂರೋದು, ಮಧ್ಯಾಹ್ನ ಅದೇ ಹುಡುಗರಿಗೆ ಟ್ಯುಟೋರಿಯಲ್ ತಗೊಳ್ಳೋದು, ವಾರದ ಕೊನೆಗೆ ಅವರ ಜೊತೆ ಕೂತು ಉತ್ತರ ತಿದ್ದೋದು. ಇದಕ್ಕೆ ಯಾರೂ ಮೆಂಟರಿಂಗ್ ಅಂತ ಹೆಸರಿಟ್ಟಿರಲಿಲ್ಲ. ಟ್ಯುಟೋರಿಯಲ್ಲಿನಲ್ಲಿ ಹುಡುಗರು ಎಲ್ಲಿ ಎಡವುತ್ತಾರೆ ಅನ್ನೋದು ಬೆಳಿಗ್ಗೆ ಪಾಠ ಮಾಡಿದವರಿಗಿಂತ ಮೊದಲು ನನಗೆ ಗೊತ್ತಾಗ್ತಿತ್ತು. ಎರಡನೇ ಟರ್ಮಿನಲ್ಲಿ ಜಾಗ ಅದಲುಬದಲು. ನಾನು ಬೋರ್ಡಿನ ಮುಂದೆ, ಅವರು ಕೊನೇ ಬೆಂಚಿನಲ್ಲಿ. ಮೊದಲ ದಿನ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಒಂದೇ ಮಾತು ಅಂದರು: ‘ಬೋರ್ಡಿಗೆ ಚೆನ್ನಾಗಿ ಪಾಠ ಮಾಡಿದೆ ಕಣಯ್ಯಾ.’ ಬೆನ್ನು ತಿರುಗಿಸಿಕೊಂಡೇ ಮಾತಾಡಿದ್ದೆ ಅಂತ ಅರ್ಥವಾಗೋಕೆ ಅರ್ಧ ಕಾಫಿ ಆಗಬೇಕಾಯ್ತು.

ಕೆಲವು ವರ್ಷ ಬಿಟ್ಟು ಕ್ಯುಐಪಿಯಲ್ಲಿ ಓದೋಕೆ ಹೋದೆ. ಈಗಿನವರಿಗೆ ಇದರ ಹೆಸರೇ ಗೊತ್ತಿರಲ್ಲ. ಕಾಲೇಜು ಮೇಷ್ಟ್ರುಗಳು ಸಂಬಳ ಬಿಡದೆ ಐಐಟಿ, ಐಐಎಸ್‌ಸಿಗಳಲ್ಲಿ ಎಂ.ಟೆಕ್, ಪಿಎಚ್.ಡಿ. ಮಾಡಲಿ ಅಂತ ಕೇಂದ್ರ ಸರ್ಕಾರ 1970ರಲ್ಲಿ ಶುರು ಮಾಡಿದ್ದು. ವಿಷಯ ಕಲಿಯೋಕೆ ಅದಕ್ಕಿಂತ ಒಳ್ಳೇ ದಾರಿ ನಾನು ಕಂಡಿಲ್ಲ. ಆದರೆ ಪಾಠ ಮಾಡೋದನ್ನ ಕಲಿತದ್ದು ಆ ಕೊನೇ ಬೆಂಚಿನಿಂದ. ನಮ್ಮ ಜನ ಇವೆರಡನ್ನೂ ಒಂದೇ ಅಂದುಕೊಂಡಿದ್ದಾರೆ, ಕಷ್ಟ ಇರೋದು ಅಲ್ಲೇ. ಒಂದನೇ ಕ್ಲಾಸಿಗೆ ಅಆಇಈ ಕಲಿಸೋಕೆ ಡಿ.ಇಡಿ. ಕೇಳ್ತಾರೆ, ಹೈಸ್ಕೂಲಿಗೆ ಬಿ.ಇಡಿ. ಎಂಜಿನಿಯರಿಂಗ್ ಕಾಲೇಜಿಗೆ? ಎಂ.ಟೆಕ್ ಅಂಕಪಟ್ಟಿ ಸಾಕು.

ಬೆಂಕಿಪೊಟ್ಟಣ

ಅಂದ್ರೆ ಹಳೇ ಕಾಲ ಚಿನ್ನ, ನಾವೆಲ್ಲ ಹಿತ್ತಾಳೆ. ಸರಿ ಸರ್.

ಹಳೇ_ಚಾಕ್‌ಪೀಸ್

ಅಲ್ಲಪ್ಪ. ಅದೇ ಕಾಲೇಜಿನಲ್ಲಿ ಅದೇ ವರ್ಷ ಸೇರಿದ ನನ್ನ ಗೆಳೆಯನಿಗೆ ಸಿಕ್ಕ ಹಿರಿಯರು ಮನೆ ಗ್ಯಾಸ್ ಸಿಲಿಂಡರ್ ಬುಕ್ ಮಾಡೋಕೆ ಕಳಿಸ್ತಿದ್ದರು. ನನ್ನದು ಅದೃಷ್ಟ. ಎಲ್ಲರಿಗೂ ಸಿಗಬೇಕಾದ್ದು ಅದೃಷ್ಟ ಇದ್ದವರಿಗೆ ಮಾತ್ರ ಸಿಕ್ಕರೆ ಅದು ವ್ಯವಸ್ಥೆ ಅಲ್ಲ, ಒಪ್ತೀನಿ.

ಕೆಂಪು_ಫೈಲು

ಇಲ್ಲಿ ಬಯ್ಯಿಸಿಕೊಳ್ಳುತ್ತಿರೋ ಜಾತಿಯವನೇ ನಾನು. ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥ. ಆ ಸುತ್ತೋಲೆ ಹೊರಡಿಸುವವನ ಮೇಜಿನ ಮೇಲೆ ಏನಿರುತ್ತೆ ಅಂತ ಹೇಳ್ತೀನಿ.

ಎನ್‌ಬಿಎಗೆ (ಕೋರ್ಸುಗಳಿಗೆ ಮಾನ್ಯತೆ ಕೊಡೋ ಮಂಡಳಿ) ನಾವು ಕೊಡಬೇಕಾದ ಸ್ವಮೌಲ್ಯಮಾಪನ ವರದಿ ಇದೆಯಲ್ಲ, ನಾವೆಲ್ಲ ಕುತ್ತಿಗೆಗೆ ಕಟ್ಟಿಕೊಂಡು ಓಡಾಡಿದ 2015ರ ಮಾದರಿ, ಅದು ಒಟ್ಟು 1000 ಅಂಕದ್ದಾಗಿತ್ತು. ಅಧ್ಯಾಪಕರು ಎಫ್‌ಡಿಪಿ, ತರಬೇತಿಗಳಿಗೆ ಹೋಗಿದ್ದಕ್ಕೆ 15 ಅಂಕ. ಎರಡರಿಂದ ಐದು ದಿನದ್ದಾದರೆ ತಲೆಗೆ 3 ಪಾಯಿಂಟು, ಐದು ದಿನ ಮೀರಿದರೆ 5. ವಿದ್ಯಾರ್ಥಿಗಳ ಮೆಂಟರಿಂಗ್ ವ್ಯವಸ್ಥೆಗೆ 5 ಅಂಕ. ‘ಹೊಸ ಅಧ್ಯಾಪಕರಿಗೆ ಹಿರಿಯರು ಮಾರ್ಗದರ್ಶನ ಮಾಡಿದ್ದಾರೆಯೇ’ ಅನ್ನೋದಕ್ಕೆ ಅದರಲ್ಲಿ ಒಂದು ಕಾಲಂ ಕೂಡ ಇರಲಿಲ್ಲ. ಕಾಲಂ ಇಲ್ಲದ ಕೆಲಸಕ್ಕೆ ಸಮಯ ಕೊಡಿ ಅಂತ ಆಡಳಿತ ಮಂಡಳಿಗೆ ನಾನು ಹೇಗೆ ಹೇಳಲಿ?

ಇನ್ನೊಂದು ಮಾತು. 2018ರಲ್ಲಿ ಎಐಸಿಟಿಇ (ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ) ಅಧ್ಯಾಪಕ–ವಿದ್ಯಾರ್ಥಿ ಅನುಪಾತವನ್ನು 1:15ರಿಂದ 1:20ಕ್ಕೆ ಇಳಿಸಿತು. ಕಾಗದದಲ್ಲಿ ಒಂದು ಅಂಕಿ ಬದಲಾಯ್ತು. ನಮ್ಮ ವಿಭಾಗದಲ್ಲಿ ಟೈಮ್‌ಟೇಬಲ್ಲಿನ ಬಿಳಿ ಚೌಕಗಳೆಲ್ಲ ತುಂಬಿಹೋದವು. ನಾಲ್ಕನೇ ಪೀರಿಯಡ್ ಕಿರಿಯನ ಕ್ಲಾಸಿನಲ್ಲಿ ಕೂರು ಅಂತ ಹಿರಿಯರೊಬ್ಬರಿಗೆ ಹೇಳೋಣ ಅಂದರೆ ನಾಲ್ಕನೇ ಪೀರಿಯಡ್ ಅವರಿಗೇ ಕ್ಲಾಸು. ಉಳಿದ ಹೊತ್ತಿನಲ್ಲಿ ಸಿಒ–ಪಿಒ ಮ್ಯಾಪಿಂಗಿನ (ಯಾವ ವಿಷಯದ ಪಾಠ ಕೋರ್ಸಿನ ಯಾವ ಗುರಿಗೆ ಅಂತ ಹೊಂದಿಸೋದು) ಎಕ್ಸೆಲ್ ಶೀಟು. ಪ್ರತಿ ಪ್ರಶ್ನೆಯ ಪಕ್ಕ ಎಲ್1, ಎಲ್2, ಎಲ್3 ಅಂತ ಬ್ಲೂಮ್ ಹಂತ (ಪ್ರಶ್ನೆ ಎಷ್ಟು ಯೋಚನೆ ಕೇಳುತ್ತೆ ಅನ್ನೋದು) ಬರೆಯೋದನ್ನ ನಮ್ಮವರು ಎಷ್ಟು ಚೆನ್ನಾಗಿ ಕಲಿತಿದ್ದಾರೆ ಅಂದರೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಎಲ್3 ಅಂತಾರೆ.

ಕೆಟ್ಟವರಲ್ಲ ನಾವು. ಅಂಕ ಇರೋ ಕಡೆ ಓಡ್ತೀವಿ, ಹುಡುಗರ ಥರಾನೇ.

ಸಿಂಪ್ಲಿ_ಸಪೋರ್ಟೆಡ್

ಕೆಂಪು ಫೈಲು ಸರ್, ಇಷ್ಟು ಪ್ರಾಮಾಣಿಕವಾಗಿ ಬರೆದಿದ್ದಕ್ಕೆ ಥ್ಯಾಂಕ್ಸ್. ಕಾಲಂ ಇರೋ ಕೆಲಸವಾದರೂ ಆಗ್ತಿದೆಯಾ? ಕಳೆದ ಸಲ ಪರಿಶೀಲನೆಗೆ ತಂಡ ಬರೋ ಹಿಂದಿನ ರಾತ್ರಿ ಮೂರು ಸೆಮಿಸ್ಟರಿನ ಮೆಂಟರ್ ಪುಸ್ತಕ ಒಂದೇ ಕೂರಿಕೆಯಲ್ಲಿ ಬರೆದ್ವಿ. ಬೇರೆ ಬೇರೆ ದಿನ ಬರೆದ ಹಾಗೆ ಕಾಣಲಿ ಅಂತ ಪೆನ್ನು ಬದಲಾಯಿಸೋಕೆ ಹೇಳಿದರು. ‘ವಿದ್ಯಾರ್ಥಿಗೆ ಧೈರ್ಯ ತುಂಬಲಾಯಿತು’ ಅಂತ 22 ಸಲ ಬರೆದಿದ್ದೀನಿ, ಒಂದು ಸಲ ನೀಲಿಯಲ್ಲಿ, ಒಂದು ಸಲ ಕಪ್ಪಲ್ಲಿ.

ಯುಟಿಎಂ_ಕಾಕಾ

ನಾ ಲ್ಯಾಬ್ ಇನ್‌ಸ್ಟ್ರಕ್ಟರ್ ಅದೀನಿ. ಡಿಪ್ಲೊಮಾ ಮಾಡಿದಾಂವ. 24 ವರ್ಷ ಆತು ಇದ ಲ್ಯಾಬಿನ್ಯಾಗ. ನಿಮ್ಮಂಥ ಹೊಸಾ ಸರ್‌ಗೋಳು ಎಷ್ಟ ಮಂದಿ ಬಂದ್ರು, ಎಷ್ಟ ಮಂದಿ ಹ್ವಾದ್ರು ಲೆಕ್ಕಾ ಇಟ್ಟಿಲ್ಲ.

ಒಂದ ಮಾತ ಹೇಳ್ತೀನಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಎಂ.ಟೆಕ್ ಮಾಡಿ ಬಂದವರೊಳಗ ಭಾಳ ಮಂದಿ ಯುಟಿಎಂ ಮಷಿನ್ (ಸಲಾಕಿ ಎಳದು ಎಷ್ಟ ಗಟ್ಟಿ ಅಂತ ನೋಡೂ ಮಷಿನ್) ಕೈಲೆ ನಡಿಸಿರಂಗಿಲ್ಲ. ಹುಡುಗರ ಮುಂದ ಕೇಳಾಕ ನಾಚಿಕಿ. ಅದಕ್ಕ ಸಂಜಿ ಐದರ ಮ್ಯಾಲೆ ಯಾರೂ ಇಲ್ಲದಾಗ ಬರ್ತಾರ, ‘ಕಾಕಾ ಒಂದ ಸಲ ತೋರಸ್ರಿ’ ಅಂತ. ತೋರಸ್ತೀನಿ. ಮೈಲ್ಡ್ ಸ್ಟೀಲ್ ಸಲಾಕಿ ಹಚ್ಚಿ ಎಳಿಯಾಕ ಹತ್ತಿದಾಗ ಡಯಲ್ ಮುಳ್ಳ ಏರ್ಕೋತ ಹೋಗಿ ಒಂದ ಕಡೆ ತಡೀತದ. ಅದ ಈಲ್ಡ್, ಸಲಾಕಿ ಸೋಲೂ ಜಾಗಾ. ಪುಸ್ತಕದಾಗ ಗ್ರಾಫಿನ ಒಂದ ಡೊಂಕ ಅದು, ಇಲ್ಲಿ ಕಣ್ಣಿಗೆ ಕಾಣ್ತದ. ಆಮ್ಯಾಲೆ ಮತ್ತ ಏರ್ತದ, ಸಲಾಕಿ ನಡುಕ ಸಣ್ಣ ಆಗ್ತದ, ಮುಳ್ಳ ಹಿಂದಕ ಬರ್ತದ, ಢಂ ಅಂತ ಮುರೀತದ. ಮುರಿದ ತುದಿ ನೋಡ್ರಿ, ಒಂದ ಬಾಜು ಬಟ್ಟಲ, ಇನ್ನೊಂದ ಬಾಜು ಶಂಕು. ಆ ಸಪ್ಪಳಾ ಕೇಳಿದ ಸರ್ ಮರುದಿನ ಕ್ಲಾಸಿನ್ಯಾಗ ಹೇಳೂ ರೀತಿನ ಬ್ಯಾರೆ ಇರ್ತದ.

ನನಗ ಯಾರೂ ಎಫ್‌ಡಿಪಿ ಮಾಡಸ್ರಿ ಅಂತ ಕರದಿಲ್ಲ. ಕರದ್ರ ಬರ್ತೀನಿ. ನಿಮ್ಮ ಕಾಲೇಜಿನ್ಯಾಗೂ ನನ್ನಂಥಾಂವ ಒಬ್ಬ ಇದ್ದ ಇರ್ತಾನ, ಹುಡಿಕ್ರಿ.

ಬೆಂಕಿಪೊಟ್ಟಣ

ಕಾಕಾ, ಈ ದಾರದಲ್ಲಿ ಇಲ್ಲೀವರೆಗೆ ಬಂದ ಅತ್ಯುತ್ತಮ ಪೋಸ್ಟ್ ಇದು. ನಾನೂ ಸಂಜೆ ಐದರ ಮೇಲೆ ಹೋದವನೇ.

ಪೈಥಾನ್_ಹಿಡಿದ_ಮೆಕ್ಯಾನಿಕಲ್

ಎಫ್‌ಡಿಪಿ ಪರವಾಗಿ ಒಬ್ಬರಾದರೂ ಮಾತಾಡಬೇಕಲ್ಲ, ನಾನು ಮಾತಾಡ್ತೀನಿ.

ಹದಿಮೂರು ವರ್ಷ ಥರ್ಮೋಡೈನಾಮಿಕ್ಸ್ ಹೇಳಿದವಳು. ನಮ್ಮಲ್ಲಿ ಮೆಕ್ಯಾನಿಕಲ್ ಸೀಟು ಕಡಿಮೆಯಾಗ್ತಾ ಬಂದವು, ಎಐ–ಎಂಎಲ್ ವಿಭಾಗ ಏಳ್ತಾ ಹೋಯ್ತು. 2022ರ ಸ್ಕೀಮ್ (ವಿಟಿಯು ಹೊಸ ಪಠ್ಯಕ್ರಮ) ಬಂದಾಗ ಮೊದಲ ವರ್ಷಕ್ಕೆ ಪೈಥಾನ್ ಪಾಠ ನನ್ನ ಹೆಸರಿಗೆ ಬಿತ್ತು. ರಾತ್ರಿ ನಾನು ಓದಿದ್ದನ್ನ ಬೆಳಿಗ್ಗೆ ಹುಡುಗರಿಗೆ ಬಡಿಸೋದು, ಅವರಿಗಿಂತ ಒಂದೇ ಅಧ್ಯಾಯ ಮುಂದೆ. ಮೂರನೇ ಬೆಂಚಿನ ಒಬ್ಬ ಹುಡುಗ ನನಗಿಂತ ಎರಡು ಅಧ್ಯಾಯ ಮುಂದೆ ಇದ್ದ, ಅದು ಬೇರೆ ಕತೆ.

2020ರ ಲಾಕ್‌ಡೌನ್‌ನಲ್ಲಿ ಎಐಸಿಟಿಇಯ ಅಟಲ್ ಅಕಾಡೆಮಿ ಐದು ದಿನದ ಎಫ್‌ಡಿಪಿಗಳನ್ನು ಆನ್‌ಲೈನ್ ಮಾಡಿತು. ಮಗಳಿಗೆ ಆಗ ಒಂದೂವರೆ ವರ್ಷ. ಅದಕ್ಕೂ ಮುಂಚೆ ಐದು ದಿನ ಪರ ಊರಿಗೆ ಹೋಗಿ ತರಬೇತಿ ಅನ್ನೋದು ನನ್ನಂಥವಳಿಗೆ ಇರಲೇ ಇಲ್ಲ, ವಿಭಾಗದ ಗಂಡಸರು ಹೋಗಿ ಬರ್ತಿದ್ದರು. ಮಗುವನ್ನ ತೊಡೆ ಮೇಲೆ ಮಲಗಿಸಿಕೊಂಡು, ಕಿವಿಗೆ ಇಯರ್‌ಫೋನ್ ಹಾಕಿ, ಡೇಟಾ ಸೈನ್ಸ್‌ನ ಒಂದು ಎಫ್‌ಡಿಪಿ ಪೂರ್ತಿ ಕೇಳಿದೆ. ಕೊನೆಗೆ ಪರೀಕ್ಷೆ ಇತ್ತು, ಬರೆದೆ. ಆ ಬುನಾದಿ ಇಲ್ಲದಿದ್ದರೆ 2022ರಲ್ಲಿ ಮುಳುಗ್ತಿದ್ದೆ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಎನ್‌ಪಿಟಿಇಎಲ್‌ನ ಆನ್‌ಲೈನ್ ವಿಡಿಯೊ ಪಾಠಗಳನ್ನೂ ಹಾಗೇ ರಾತ್ರಿ ಕೂತು ನೋಡಿದ್ದೀನಿ. ಹಳೇ ಚಾಕ್‌ಪೀಸ್ ಸರ್ ಹೇಳಿದ ಕ್ಯುಐಪಿ, ಹೆಂಡತಿ ಮನೆ ನೋಡಿಕೊಂಡರೆ ಗಂಡ ಹೋಗಿ ಬರಬಹುದಾದ ಸ್ಕೀಮು. ಇದನ್ನೂ ಒಂದು ಸಾಲು ಸೇರಿಸಿ.

ವಿಷಯಕ್ಕೆ ಎಫ್‌ಡಿಪಿ ಬೇಕು. ಆದರೆ ಆ ಮೂರನೇ ಬೆಂಚಿನ ಹುಡುಗನನ್ನು ಏನು ಮಾಡಲಿ ಅಂತ ಯಾವ ಎಫ್‌ಡಿಪಿಯೂ ಹೇಳಲಿಲ್ಲ. ಪಕ್ಕದ ಕುರ್ಚಿಯ ಮೇಡಂ ಹೇಳಿದರು: ‘ಲ್ಯಾಬಿನಲ್ಲಿ ಅವನಿಗೆ ನಾಲ್ಕು ಜನರನ್ನು ವಹಿಸು. ಅವನು ಕೀಬೋರ್ಡ್ ಮುಟ್ಟಬಾರದು, ಬಾಯಲ್ಲೇ ಹೇಳಬೇಕು ಅಂತ ನಿಯಮ ಹಾಕು.’ ಕೆಲಸ ಮಾಡಿತು.

ಹಳೇ_ಚಾಕ್‌ಪೀಸ್

ಸೇರಿಸಿದೆ ಅಮ್ಮಾ. ಸತ್ಯ. ನಾನು ಹೋಗಿದ್ದಾಗ ಮನೆಯಲ್ಲಿ ಇಬ್ಬರು ಮಕ್ಕಳನ್ನು ನೋಡಿಕೊಂಡವಳ ಹೆಸರು ಯಾವ ಪದವಿ ಪತ್ರದಲ್ಲೂ ಇಲ್ಲ.

ಬ್ಯಾಕ್‌ಬೆಂಚ್_ಬಸವ

ಸ್ಟೂಡೆಂಟ್ ಮಾತಾಡಬಹುದಾ? ಐದನೇ ಸೆಮ್.

ನನ್ನ ಮೆಂಟರ್ ಯಾರು ಅಂತ ನನಗೆ ಗೊತ್ತಾಗಿದ್ದು ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟಲ್ಲಿ ಹೆಸರು ಬಂದಾಗ. 85 ಪರ್ಸೆಂಟ್ ಬೇಕು, ನಂದು 71. ‘ನೀನು ನನ್ನ ಮೆಂಟೀನಾ?’ ಅಂತ ಸರ್‌ಗೂ ಆಶ್ಚರ್ಯ.

ಯಾದಗಿರಿ ಕಡೆಯವನು ನಾನು, ಹತ್ತನೇವರೆಗೆ ಕನ್ನಡ ಮೀಡಿಯಂ. ಫಸ್ಟ್ ಇಯರ್ ಇಂಡಕ್ಷನ್ ಅಂತ ಮೂರು ವಾರ ಮಾಡ್ತಾರಲ್ಲ, ಅದ್ರಲ್ಲಿ 20 ಜನಕ್ಕೆ ಒಬ್ಬರು ಮೇಡಂ ಕೊಟ್ಟಿದ್ರು. ಅವರು ಬೇರೆ ಬ್ರಾಂಚ್, ಆಮೇಲೆ ನಮಗೆ ಪಾಠನೇ ಮಾಡಿಲ್ಲ. ಆದ್ರೂ ಒಂದಿನ ಕಾರಿಡಾರಲ್ಲಿ ನಿಲ್ಲಿಸಿ ‘ಕ್ಲಾಸಲ್ಲಿ ಯಾವ ಪದ ಬಂದಾಗ ನಿನಗೆ ಪಾಠ ಕೈತಪ್ಪುತ್ತೆ?’ ಅಂತ ಕೇಳಿದ್ರು. ‘ಅರ್ಥ ಆಗ್ತಿದೆಯಾ’ ಅಂತ ಎಲ್ಲರೂ ಕೇಳ್ತಾರೆ. ಯಾವ ಪದ ಅಂತ ಯಾರೂ ಕೇಳಿರಲಿಲ್ಲ. ‘ವಿತ್ ರೆಸ್ಪೆಕ್ಟ್ ಟು’ ಅಂದೆ. ಗಣಿತದಲ್ಲಿ ಪ್ರತಿ ಎರಡು ನಿಮಿಷಕ್ಕೆ ಬರುತ್ತೆ, ‘ಇದಕ್ಕೆ ಸಂಬಂಧಿಸಿ’ ಅಂತ ಅರ್ಥ ಅದಕ್ಕೆ, ನಾನು ಗೌರವ ಅಂತ ಅಂದ್ಕೊಂಡಿದ್ದೆ. ನಗಬೇಡಿ.

ಆ ಮೇಡಂ ಪುಸ್ತಕದಲ್ಲಿ ಏನಾದ್ರೂ ಬರೆದ್ರಾ ಗೊತ್ತಿಲ್ಲ.

ಸಿಂಪ್ಲಿ_ಸಪೋರ್ಟೆಡ್

ಬಸವ, ನಗ್ತಿಲ್ಲ. ನಾಳೆ ನನ್ನ 22 ಜನರಿಗೂ ಇದೇ ಪ್ರಶ್ನೆ ಕೇಳ್ತೀನಿ.

ಲೀಡ್ಸ್_ಚಳಿ

ಮೂಲ ಶಿವಮೊಗ್ಗ, ಈಗ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡ್ತೀನಿ. ‘ಅಲ್ಲಿ ಎಲ್ಲ ಸರಿ ಇದೆ’ ಅಂತ ಬರೆಯೋಕೆ ಬಂದಿಲ್ಲ. ಇಲ್ಲೂ ಫಾರ್ಮುಗಳಿವೆ, ಇಲ್ಲೂ ಸಂಶೋಧನೆಗೆ ಸಿಗೋ ಬೆಲೆ ಪಾಠಕ್ಕೆ ಸಿಗಲ್ಲ.

ಆದರೆ ಕೆಲಸಕ್ಕೆ ಸೇರಿದ ಮೊದಲೆರಡು ವರ್ಷದಲ್ಲಿ ಬೋಧನೆಯ ಒಂದು ಸ್ನಾತಕೋತ್ತರ ಸರ್ಟಿಫಿಕೇಟು ಮುಗಿಸು ಅಂದರು. ಇಲ್ಲಿ ಬಹುಪಾಲು ಕಡೆ ಹೀಗೇ. ಅದರ ಭಾಗವಾಗಿ ಬೇರೆಯವರು ನನ್ನ ಕ್ಲಾಸು ನೋಡಬೇಕು, ನಾನು ಬೇರೆಯವರದ್ದು ನೋಡಬೇಕು. ನನಗೆ ಸಿಕ್ಕ ಜೊತೆಗಾರ್ತಿ ನರ್ಸಿಂಗ್ ಪಾಠ ಮಾಡೋರು. ಟ್ರಾನ್ಸಿಸ್ಟರ್ ಅಂದರೆ ಏನು ಅಂತ ಅವರಿಗೆ ಗೊತ್ತೇ ಇಲ್ಲ. ಹಾಗಾಗಿ ಅವರು ನನ್ನ ವಿಷಯ ನೋಡಲಿಲ್ಲ, ಹುಡುಗರ ಮುಖ ನೋಡಿದರು. ‘ನೀನು ಪ್ರಶ್ನೆ ಕೇಳಿ ನೀನೇ ಉತ್ತರ ಹೇಳ್ತೀಯ. ಅವರಿಗೆ ಅಭ್ಯಾಸ ಆಗಿಬಿಟ್ಟಿದೆ, ಕಾಯ್ತಾರೆ’ ಅಂದರು.

ಆಮೇಲೆ ಓದಿದಾಗ ಗೊತ್ತಾಯ್ತು, ಇದು ಹಳೇ ರೋಗ. ಮೇರಿ ಬಡ್ ರೋ ಅನ್ನೋ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲೇ ಶಾಲಾ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದಿದ್ದರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರು ಕಾಯೋದು ಸುಮಾರು ಒಂದು ಸೆಕೆಂಡು. ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗ್ತವೆ, ಸುಮ್ಮನೆ ಇರೋರೂ ಬಾಯಿ ಬಿಡ್ತಾರೆ. ಮೂರೇ ಸೆಕೆಂಡು! ಬೋರ್ಡಿನ ಮುಂದೆ ನಿಂತವನಿಗೆ ಅದು ಶಿವರಾತ್ರಿ ಜಾಗರಣೆಯಷ್ಟು ಉದ್ದ.

ಕೆಂಪು_ಫೈಲು

ಬೇರೆ ವಿಭಾಗದವರು ನೋಡೋದು ಅನ್ನೋದು ತಲೆಗೆ ಹೋಯ್ತು. ಹುಬ್ಬಳ್ಳಿಯ ಬಿವಿಬಿ, ಅಂದರೆ ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ಶಿಕ್ಷಣದ ಸಂಶೋಧನೆಗೇ ಒಂದು ಕೇಂದ್ರ ಇಟ್ಟುಕೊಂಡಿದೆ. ಅಲ್ಲಿ ಮೊದಲ ವರ್ಷದ ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಷನ್ ಕೋರ್ಸನ್ನು ಬೇರೆ ಬೇರೆ ವಿಭಾಗದವರು ಸೇರಿ ನಡೆಸ್ತಾರೆ. ಒಬ್ಬರ ಪಾಠ ಇನ್ನೊಬ್ಬರ ಕಣ್ಣಿಗೆ ಬೀಳೋದು ಅಲ್ಲಿ ಸಹಜ. ನಾವು ಒಂದೇ ಸ್ಟಾಫ್‌ರೂಮಿನಲ್ಲಿ ಎಂಟು ವರ್ಷ ಕೂತಿದ್ದೀವಿ, ಎದುರಿನ ಮೇಜಿನವರು ಹೇಗೆ ಪಾಠ ಮಾಡ್ತಾರೆ ಅಂತ ನನಗೆ ಗೊತ್ತಿಲ್ಲ.

ಮೂಲೆ_ಮೇಜು

ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ಕೊನೇ ಬೆಂಚು, ಕಾಫಿ, ಪ್ರೀತಿ ಎಲ್ಲ ಚಂದ. ನನಗೆ ಆಗಿದ್ದನ್ನೂ ಕೇಳಿ.

ಹಿಂದೆ ಇದ್ದ ಕಾಲೇಜಲ್ಲಿ ಇದನ್ನ ಮಾಡಿದ್ರು. ‘ಪಿಯರ್ ಅಬ್ಸರ್ವೇಶನ್’ ಅಂತ ಒಂದು ಫಾರ್ಮ್, ಹತ್ತು ಪ್ರಶ್ನೆ, ಐದಕ್ಕೆ ಅಂಕ. ಹಿರಿಯರೊಬ್ಬರು ಬಂದು ಕೂತರು. ಒಳ್ಳೆಯವರೇ. ಧ್ವನಿ ಸಣ್ಣ, ಕೊನೇ ಬೆಂಚಿಗೆ ಕೇಳಲ್ಲ, ಕೈಬರಹ ಇಳಿಜಾರು ಅಂತ ಬರೆದರು. ಬಾಯಲ್ಲಿ ‘ತಲೆ ಕೆಡಿಸ್ಕೋಬೇಡಿ, ಸರಿಹೋಗುತ್ತೆ’ ಅಂದರು. ಏಪ್ರಿಲ್‌ನಲ್ಲಿ ಇನ್‌ಕ್ರಿಮೆಂಟ್ ಬರಲಿಲ್ಲ. ಕೇಳೋಕೆ ಹೋದೆ. ಮೇಜಿನ ಮೇಲೆ ಅದೇ ಫಾರ್ಮ್, ‘ಧ್ವನಿ ಸಣ್ಣ’ ಅನ್ನೋದರ ಕೆಳಗೆ ಕೆಂಪು ಗೆರೆ. ಬರೆದವರಿಗೂ ಗೊತ್ತಿರಲಿಲ್ಲ ಅದು ಅಲ್ಲಿಗೆ ಹೋಗುತ್ತೆ ಅಂತ. ಮುಂದಿನ ವರ್ಷ ಇಡೀ ವಿಭಾಗ ಒಬ್ಬರಿಗೊಬ್ಬರು 50ಕ್ಕೆ 49 ಕೊಟ್ಟುಕೊಂಡಿತು.

ಈಗಿನ ಕಾಲೇಜಲ್ಲಿ ಯಾರಾದರೂ ಬಾಗಿಲ ಹತ್ತಿರ ನಿಂತರೆ ಸಾಕು, ನನ್ನ ಗಂಟಲು ಒಣಗುತ್ತೆ.

ಬೆಂಕಿಪೊಟ್ಟಣ

ಇದೇ ನಾನು ಹೇಳೋಕೆ ಹೊರಟಿದ್ದು. ಇನ್‌ಕ್ರಿಮೆಂಟಿಗೆ ಕಣ್ಣು ನೆಟ್ಟು ಬದುಕೋನ ಕ್ಲಾಸಲ್ಲಿ ಪೆನ್ನು ಹಿಡಿದು ಕೂತರೆ ಅವನಿಗೆ ಮೆಂಟರ್ ಕಾಣಲ್ಲ, ಇನ್‌ಸ್ಪೆಕ್ಟರ್ ಕಾಣ್ತಾನೆ.

ಹಳೇ_ಚಾಕ್‌ಪೀಸ್

ಮೂಲೆ ಮೇಜು, ಇದನ್ನು ಓದಿ ಮನಸ್ಸಿಗೆ ಕಷ್ಟವಾಯ್ತು. ನನ್ನ ಹಿರಿಯರು ನನ್ನ ಬಗ್ಗೆ ಎಲ್ಲೂ ಒಂದಕ್ಷರ ಬರೆದಿಟ್ಟಿರಲಿಲ್ಲ. ಆಗ ಅದು ಉದಾಸೀನ ಅಂದುಕೊಂಡಿದ್ದೆ. ಈಗ ಅನ್ನಿಸುತ್ತೆ, ನಾನು ಅವರ ಮುಂದೆ ತಪ್ಪು ಮಾಡೋಕೆ ಹೆದರದೇ ಇದ್ದದ್ದೇ ಅದರಿಂದ.

ಕೆಂಪು ಫೈಲು ಅವರೇ, ಕಾಲಂ ಬೇಕು ಅಂತ ಕೇಳಿದಿರಿ. ಕಾಲಂ ಬಂದ ದಿನ ಈ 49 ಬರುತ್ತೆ. ಹಾಗಾದರೆ ಕಾಲಂ ಇಲ್ಲದೆ ಹೇಗೆ ಮಾಡೋದು ಅನ್ನೋದು ನಿಮ್ಮ ತಲೆನೋವು, ನಾನು ನಿವೃತ್ತ.

ಕೆಂಪು_ಫೈಲು

ನಿವೃತ್ತರು ಬೆಂಕಿ ಹಚ್ಚಿ ಹೋಗೋದು ಹಳೇ ಸಂಪ್ರದಾಯ. :)

ಯೋಚಿಸಿದೆ. ನನ್ನ ಕೈಯಲ್ಲಿ ಇರೋದು ಒಂದೇ, ಟೈಮ್‌ಟೇಬಲ್. ಹೊಸಬರ ವಾರದ 16 ಗಂಟೆಯಲ್ಲಿ ಒಂದು ಗಂಟೆ, ಹಿರಿಯರ 14ರಲ್ಲಿ ಒಂದು ಗಂಟೆ ‘ಲೈಬ್ರರಿ’ ಅಂತ ಬರೆಯಬಹುದು, ಇಬ್ಬರಿಗೂ ಸಿಗೋ ಹಾಗೆ. ಆ ಗಂಟೆಯಲ್ಲಿ ಏನು ಮಾಡಿದಿರಿ ಅಂತ ನಾನು ಕೇಳಬಾರದು, ಅದೇ ಒಪ್ಪಂದ. ಆಡಿಟ್ ತಂಡ ಕೇಳಿದರೆ ಲೈಬ್ರರಿ.

ಇನ್ನು ಸೇರಿದ ಮರುದಿನವೇ ಥಿಯರಿ ಕ್ಲಾಸು ಕೊಡೋ ವಿಷಯ. ಅದನ್ನ ನಾನೂ ಮಾಡಿದ್ದೀನಿ. ಜುಲೈಯಲ್ಲಿ ಇಬ್ಬರು ಬಿಟ್ಟು ಹೋದರೆ ಬೇರೆ ದಾರಿ ಇರಲ್ಲ. ಹೊಸಬರಿಗೆ ಅಂತ ಎಐಸಿಟಿಇಯ 8 ಮಾಡ್ಯೂಲಿನ ಎನ್‌ಐಟಿಟಿಟಿ ತರಬೇತಿ ಸ್ವಯಂ ಅನ್ನೋ ಆನ್‌ಲೈನ್ ತಾಣದಲ್ಲಿ ಇದೆ, ಪಾಠ ಯೋಜನೆ, ಮೌಲ್ಯಮಾಪನ ಎಲ್ಲ ಅದರಲ್ಲಿದೆ. ಕೆಟ್ಟದ್ದಲ್ಲ ಅದು. ಆದರೆ ನಮ್ಮವರು ಅದನ್ನ ನೋಡೋದು ಇಂಟರ್ನಲ್ಸ್ ಸೂಪರ್‌ವಿಷನ್ ಮಾಡ್ತಾ ಮೊಬೈಲಲ್ಲಿ, ಒಂದೂವರೆ ಪಟ್ಟು ವೇಗದಲ್ಲಿ.

ಪೈಥಾನ್_ಹಿಡಿದ_ಮೆಕ್ಯಾನಿಕಲ್

ಎರಡು ಪಟ್ಟು ಸರ್.

ಯುಟಿಎಂ_ಕಾಕಾ

ಲೈಬ್ರರಿ ಅಂತ ಬರದು ಲ್ಯಾಬಿಗೆ ಕಳಸ್ರಿ.

ಸಿಂಪ್ಲಿ_ಸಪೋರ್ಟೆಡ್

(ನಾಲ್ಕು ವಾರದ ನಂತರ)

ದಾರ ಕೆಳಗೆ ಹೋಗಿತ್ತು, ಎಳೆದು ತರ್ತಿದ್ದೀನಿ.

ಲೀಡ್ಸ್ ಚಳಿ ಹೇಳಿದ ಹಾಗೆ ಬೇರೆ ವಿಭಾಗದವರನ್ನೇ ಹಿಡಿದೆ. ಕೆಮಿಸ್ಟ್ರಿ ಮೇಡಂ, ಇಪ್ಪತ್ತು ವರ್ಷದ ಅನುಭವ, ನನ್ನ ಎಚ್‌ಒಡಿಗೂ ಅವರಿಗೂ ವ್ಯವಹಾರ ಇಲ್ಲ. ಮೂಲೆ ಮೇಜು ಬರೆದಿದ್ದನ್ನ ಓದಿದ ಮೇಲೆ ಒಂದು ಷರತ್ತು ಹಾಕಿಕೊಂಡ್ವಿ: ಅವರು ಬರೆಯೋ ಹಾಳೆ ಕ್ಲಾಸು ಮುಗಿದ ತಕ್ಷಣ ನನ್ನ ಕೈಗೆ, ಅವರ ಹತ್ತಿರ ಪ್ರತಿ ಇಲ್ಲ. ಹುಡುಗರಿಗೆ ‘ಮೇಡಂ ನನ್ನ ಹತ್ತಿರ ಬೀಮ್ ಕಲಿಯೋಕೆ ಬಂದಿದ್ದಾರೆ’ ಅಂದೆ. ಅದು ಸುಳ್ಳೂ ಅಲ್ಲ.

ಹಾಳೆಯಲ್ಲಿ ಅಭಿಪ್ರಾಯ ಏನೂ ಇರಲಿಲ್ಲ. ಗೆರೆಗಳು, ಎಣಿಕೆ ಮಾಡುವಾಗ ಐದೈದಕ್ಕೆ ಅಡ್ಡ ಹೊಡೀತಾರಲ್ಲ ಹಾಗೆ. ಮೇಲೆ ‘ಅರ್ಥ ಆಯ್ತಾ’ ಅಂತ ಬರೆದು ಪಕ್ಕದಲ್ಲಿ 31. ಐವತ್ತೈದು ನಿಮಿಷದಲ್ಲಿ 31 ಸಲ ಕೇಳಿದ್ದೀನಿ. ಅದರ ಕೆಳಗೆ ‘ಕಾದಿದ್ದು’ ಅಂತ ಬರೆದು ಸೊನ್ನೆ. ಇನ್ನೂ ಕೆಳಗೆ ಒಂದು ಸಾಲು: ‘ಭಾರ ತುದಿಯಲ್ಲಿದ್ದರೆ ಬುಡದಲ್ಲಿ ಯಾಕೆ ಮುರಿಯುತ್ತೆ? ನನಗೂ ಗೊತ್ತಾಗಲಿಲ್ಲ.’

ಆ ಸಾಲು ಎರಡು ದಿನ ಕಾಡಿತು. ನಾನು ಸಮೀಕರಣ ಬರೆದಿದ್ದೆ, ಡಯಾಗ್ರಾಂ ಬರೆದಿದ್ದೆ, ಚಿಹ್ನೆಗಳ ನಿಯಮ ಮೂರು ಸಲ ಹೇಳಿದ್ದೆ. ಬೀಮು ಎಲ್ಲಿ ಮುರಿಯುತ್ತೆ ಅಂತ ಒಂದು ಸಲವೂ ಕೇಳಿರಲಿಲ್ಲ.

ಮುಂದಿನ ಕ್ಲಾಸಿಗೆ ಪ್ಲಾಸ್ಟಿಕ್ ಸ್ಕೇಲು ತಗೊಂಡು ಹೋದೆ. ಅರ್ಧ ಮೇಜಿನ ಮೇಲೆ, ಅರ್ಧ ಹೊರಗೆ, ಮೇಜಿನ ಮೇಲಿನ ಭಾಗವನ್ನ ಎಡಗೈಯಲ್ಲಿ ಒತ್ತಿ ಹಿಡಿದೆ. ‘ತುದಿಯಲ್ಲಿ ಬೆರಳಿಟ್ಟು ಒತ್ತುತ್ತೀನಿ. ಎಲ್ಲಿ ಮುರಿಯುತ್ತೆ?’ ಕೇಳಿ ಸುಮ್ಮನೆ ನಿಂತೆ. ಮನಸ್ಸಲ್ಲೇ ಒಂದು, ಎರಡು, ಮೂರು. ಭಯಂಕರ ಮೌನ. ನಾಲ್ಕಕ್ಕೆ ಎಡಗಡೆ ಮೂಲೆಯಿಂದ, ಎರಡು ವರ್ಷದಲ್ಲಿ ಒಮ್ಮೆಯೂ ಬಾಯಿ ಬಿಡದ ಹುಡುಗಿ, ‘ಮೇಜಿನ ಅಂಚಲ್ಲಿ ಸರ್’ ಅಂದಳು. ‘ಯಾಕೆ?’ ಮತ್ತೆ ಮೌನ. ‘ಅಲ್ಲಿಂದ ಬೆರಳು ದೂರ ಅಲ್ವಾ ಸರ್, ಬೆರಳ ಹತ್ತಿರ ದೂರಾನೇ ಇಲ್ಲ.’ ಭಾರ ಗುಣಿಸು ದೂರ. ಇಡೀ ಸೂತ್ರ ಅವಳ ಬಾಯಲ್ಲಿ ಬಂತು, ನಾನು ಬೋರ್ಡಿಗೆ ಬರೆದುಕೊಟ್ಟೆ ಅಷ್ಟೇ.

ಎಲ್ಲ ಸರಿಹೋಯ್ತು ಅಂತ ಹೇಳ್ತಿಲ್ಲ. ಈ ವಾರ ಮೇಡಂ ಮತ್ತೆ ಬಂದಿದ್ದರು. ‘ಅರ್ಥ ಆಯ್ತಾ’ 17. ಮತ್ತೆ ನನ್ನ 22 ಜನರಿಗೆ ಬಸವನ ಪ್ರಶ್ನೆ ಕೇಳಿದೆ. ಒಂಬತ್ತು ಜನ ಒಂದೇ ಪದ ಹೇಳಿದರು, ‘ಅಸ್ಯೂಮ್’. ನಾನು ದಿನಕ್ಕೆ ನೂರು ಸಲ ಬಳಸೋ ಪದ.

ಮೂಲೆ_ಮೇಜು

ಪ್ರತಿ ಇಟ್ಟುಕೊಳ್ಳದೇ ಇರೋ ಷರತ್ತು... ನನಗೂ ಒಬ್ಬರನ್ನ ಕೇಳಬೇಕು ಅನ್ನಿಸ್ತಿದೆ. ಮುಂದಿನ ಸೆಮ್ ನೋಡೋಣ.

ಹಳೇ_ಚಾಕ್‌ಪೀಸ್

ಈಗ ನೀವೂ ಮೇಡಂ ಕ್ಲಾಸಿಗೆ ಹೋಗಿ ಕೂರಬೇಕು. ಏಕಮುಖ ಬೇಡ.

ಸಿಂಪ್ಲಿ_ಸಪೋರ್ಟೆಡ್

ಸೋಮವಾರ ಎರಡನೇ ಪೀರಿಯಡ್ ಸರ್, ಎಲೆಕ್ಟ್ರೋಕೆಮಿಸ್ಟ್ರಿ. ಕೊನೇ ಬೆಂಚು.

ಬ್ಯಾಕ್‌ಬೆಂಚ್_ಬಸವ

ಸರ್, ಕೊನೇ ಬೆಂಚು ನಮ್ದು. ಕೇಳಿ ಕೂತ್ಕೊಳಿ. ಮತ್ತೆ ಸ್ಕೇಲ್ ನಿಜವಾಗ್ಲೂ ಮುರಿದ್ರಾ?

ಸಿಂಪ್ಲಿ_ಸಪೋರ್ಟೆಡ್

ಮುರಿದೆ. ಹತ್ತು ರೂಪಾಯಿ ಸ್ಕೇಲು. ಬಿಲ್ಲು ಯಾವ ಕಾಲಂಗೆ ಹಾಕೋದು ಅಂತ ಕೆಂಪು ಫೈಲು ಸರ್ ಹೇಳಬೇಕು.

ಕೆಂಪು_ಫೈಲು

ಲೈಬ್ರರಿ.